ಲಿಪಿಯ ಮರೆಯಲ್ಲಿ ಮಾತು

ನಂಜನಗೂಡಿನ ರೈಲು ನಿಲ್ದಾಣದಲ್ಲಿ ಇಳಿದ ಹೊರನಾಡಿನ ಪ್ರಯಾಣಿಕನೊಬ್ಬನು ಫಲಕದ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರೆ, ಊರಿನ ಹೆಸರು ಅವನ ಬಾಯಲ್ಲಿ ‘ನಂಜಂಗುಡ್’ ಎಂದಾಗುತ್ತದೆ. ತಪ್ಪು ಅವನದಲ್ಲ. ‘ಗೂ’ ಎಂಬ ದೀರ್ಘವನ್ನಾಗಲಿ ಕೊನೆಯ ಉಕಾರವನ್ನಾಗಲಿ ಆ ಅಕ್ಷರಗಳು ತೋರಿಸುವುದಿಲ್ಲ. ಊರಿನ ಮಗುವಿಗಾದರೋ ಅದು ನಂಜುಂಡಸ್ವಾಮಿ ನೆಲೆಸಿದ ಗೂಡು. ಅಲ್ಲಿನ ಹೆಸರಾಂತ ರಸಬಾಳೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ, ಪ್ರಯಾಣಿಕನ ನಾಲಿಗೆಯಲ್ಲಿ ಆ ಹಣ್ಣು ಬಲೆಯಾದೀತು, ಬಳೆಯೂ ಆದೀತು!

ನಂಜನಗೂಡನ್ನು ದಾಟಿದ ಕಪಿಲೆಯು ಹರಿದು ಕಾವೇರಿಯನ್ನು ಕೂಡುವುದು ತಿ. ನರಸೀಪುರದಲ್ಲಿ. ಇಂಗ್ಲಿಷಿನ ಒಂದೇ ಅಕ್ಷರದಿಂದ ಅದು ‘ಟಿ. ನರಸೀಪುರ’ವಾಗಿದೆ. ಆ ಅಕ್ಷರದ ಹಿಂದೆ ‘ತಿರುಮಕೂಡಲು’ ಎಂಬ ಹೆಸರೂ, ಕಾವೇರಿ, ಕಪಿಲೆ, ಸ್ಫಟಿಕ ಸರೋವರಗಳು ಅಲ್ಲಿ ಒಂದಾಗುತ್ತವೆಂಬ ಜನರ ನಂಬಿಕೆಯೂ ಅಡಗಿವೆ. ಪ್ರಯಾಣಿಕನಿಗೆ ಇದನ್ನು ಫಲಕವು ತಿಳಿಸಲಾರದು, ಊರಿನವರು ತಿಳಿಸಬಲ್ಲರು.

ಪುಸ್ತಕಗಳಲ್ಲಿಯೂ ಇಂತಹ ಪ್ರಸಂಗಗಳುಂಟು. ಅಪ್ಟನ್ ಸಿಂಕ್ಲೇರ್ ಎಂಬ ಅಮೆರಿಕದ ಲೇಖಕನ ‘ದಿ ಜಂಗಲ್’ ಎಂಬ ಇಂಗ್ಲಿಷ್ ಕಾದಂಬರಿಯು 1906ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಲಿಥುವೇನಿಯಾ ದೇಶದಿಂದ ಷಿಕಾಗೋ ನಗರಕ್ಕೆ ಬಂದ ಬಡ ಕುಟುಂಬವೊಂದರ ಕಥೆ ಅದು. ಆರಂಭದ ಮದುವೆಯ ಸಂಭ್ರಮಕ್ಕೆ ಲೇಖಕನು ಅವರದೇ ನುಡಿಯ ‘ವೆಸೆಲಿಯಾ’ ಎಂಬ ಮಾತನ್ನು ಬಳಸಿದ್ದಾನೆ. ಅದರಲ್ಲಿ ಯಕಾರಕ್ಕೆ ನಿಂತಿರುವುದು ‘ಜೆ’ ಎಂಬ ಅಕ್ಷರ. ಇಂಗ್ಲಿಷ್ ಮಾತ್ರ ಬಲ್ಲವನು ಅದನ್ನು ಜಕಾರವಾಗಿ ಓದಿ ಮುಂದೆ ಸಾಗುತ್ತಾನೆ. ಆದರೆ ಲಿಥುವೇನಿಯಾದವರು ಇಂದಿಗೂ ಇದ್ದಾರೆ. ಕೇಳಿದರೆ ತಿದ್ದಿ ಹೇಳುತ್ತಾರೆ.

ಕೇಳಲು ಯಾರೂ ಉಳಿದಿಲ್ಲದಿದ್ದರೆ? ಕನ್ನಡಿಗರ ಮುಂದೆ ಅಂತಹ ಒಂದು ಒಗಟು ಇದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಹಳೆಯ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿತ್ತು. ಹಾಳೆಯು ಕ್ರಿಸ್ತಶಕ ಎರಡನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸಿದ್ದಾರೆ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬವರು 1903ರಲ್ಲಿ ಅದನ್ನು ಪ್ರಕಟಿಸಿದರು. ಖಾರಿತಿಯೋನ್ ಎಂಬ ಗ್ರೀಕ್ ಯುವತಿಯು ಭಾರತದ ಕಡಲತೀರದಲ್ಲಿ ಸೆರೆಯಾಗಿರುತ್ತಾಳೆ. ಅವಳನ್ನು ಬಿಡಿಸಿಕೊಂಡು ಹೋಗಲು ಬಂದವರು ಅಲ್ಲಿನ ಅರಸನಿಗೂ ಪರಿವಾರಕ್ಕೂ ಮದ್ಯವನ್ನು ಕುಡಿಸಿ, ಮೈಮರೆಸಿ, ಅವಳೊಂದಿಗೆ ಪಾರಾಗುತ್ತಾರೆ. ಅರಸನ ಕಡೆಯವರ ಮಾತುಗಳು ಗ್ರೀಕ್ ಲಿಪಿಯಲ್ಲಿವೆ. ಭಾಷೆ ಮಾತ್ರ ಗ್ರೀಕ್ ಅಲ್ಲ.

ದಕ್ಷಿಣ ಭಾರತದ ಶಾಸನಗಳನ್ನು ಬಲ್ಲ ಜರ್ಮನ್ ವಿದ್ವಾಂಸ ಹುಲ್ಷ್ ಅವರು 1904ರಲ್ಲಿ ಆ ಮಾತುಗಳು ಕನ್ನಡವಿರಬಹುದೆಂದು ಸೂಚಿಸಿದರು. ‘ಬೇರೆ’, ‘ಕೊಂಚ’, ‘ಮಧು’, ‘ಹಾಕಿ’ ಎಂಬ ಪದಗಳು ಅವರಿಗೆ ಅಲ್ಲಿ ಕಂಡವು. ಮೈಸೂರಿನ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಈ ವಿಚಾರವನ್ನು ಆಸ್ಥೆಯಿಂದ ಪರಿಶೀಲಿಸಿದರು. ಕನ್ನಡಿಗರ ಎದೆ ಹಿಗ್ಗಿದುದು ಸಹಜವೇ. ಬಹುಕಾಲ ಕನ್ನಡದ ಮೊದಲ ಶಾಸನವೆಂದು ಹೆಸರಾದ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿಸ್ತಶಕ 450. ಅದಕ್ಕಿಂತ ಎರಡು ಮೂರು ಶತಮಾನ ಮೊದಲೇ ಕನ್ನಡದ ದನಿಯು ಈಜಿಪ್ಟನ್ನು ಮುಟ್ಟಿತ್ತೆಂದರೆ ಸಾಮಾನ್ಯ ಸಂಗತಿಯೇ?

ಆದರೆ ಸಂದೇಹಗಳೂ ಎದ್ದವು. ಬಾರ್ನೆಟ್ ಎಂಬ ಇಂಗ್ಲಿಷ್ ವಿದ್ವಾಂಸರು 1926ರಲ್ಲಿ ಈ ವಾದವನ್ನು ಒಪ್ಪದೆ ಬರೆದರು. ಮುಂದೆ ಕೆಲವರು ಅದೇ ಮಾತುಗಳಲ್ಲಿ ತುಳುವನ್ನು ಕಂಡರು. ಮತ್ತೆ ಕೆಲವರು ಅದು ನಗಿಸಲೆಂದು ಕಟ್ಟಿದ ಅರ್ಥವಿಲ್ಲದ ಮಾತೆಂದರು. ತೊಡಕೆಲ್ಲ ಲಿಪಿಯದು. ಗ್ರೀಕಿನಲ್ಲಿ ಚಕಾರಕ್ಕೆ ಅಕ್ಷರವಿಲ್ಲ. ಟಕಾರ ತಕಾರಗಳ ಭೇದವಿಲ್ಲ. ಅಂದಿನ ಬರವಣಿಗೆಯಲ್ಲಿ ಪದಗಳ ನಡುವೆ ಬಿಡುವೂ ಇರಲಿಲ್ಲ. ಎಲ್ಲಿ ಬಿಡಿಸಿದರೆ ಯಾವ ಪದ ಬರುವುದೆಂಬುದು ಓದುವವನ ಕೈಯಲ್ಲಿತ್ತು. ಹಾಳೆಯಲ್ಲಿರುವುದು ‘ದಮುನ್’; ಅಕ್ಷರಗಳನ್ನು ಅದಲುಬದಲು ಮಾಡಿದರೆ ಮಾತ್ರ ಅದು ‘ಮಧು’. ಇನ್ನು ‘ಹಾಕಿ’ ಎಂಬುದನ್ನು ನೋಡಿ. ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು, ಹಾವು ‘ಪಾವು’ ಆಗಿತ್ತು. ಪಕಾರವು ಹಕಾರವಾದುದು ಎಷ್ಟೋ ಶತಮಾನಗಳ ಬಳಿಕ. ಹಾಗಿರುವಾಗ ಎರಡನೆಯ ಶತಮಾನದ ಅರಸನು ಇಂದಿನವರಂತೆ ‘ಹಾಕಿ’ ಎಂದನೆಂದು ನಂಬುವುದು ಹೇಗೆ?

ತನ್ನ ನುಡಿಯನ್ನು ಪ್ರೀತಿಸುವವನಿಗೆ ದೂರದ ಗದ್ದಲದಲ್ಲಿಯೂ ಅದೇ ಕೇಳಿಸುತ್ತದೆ. ಸಂತೆಯಲ್ಲಿ ತಾಯಿಯ ದನಿಗಾಗಿ ಕಿವಿಗೊಟ್ಟ ಮಗು ಬೇರೊಬ್ಬಳ ದನಿಗೆ ತಿರುಗಿ ನೋಡುವುದುಂಟು. ಅದರ ಪ್ರೀತಿ ಸುಳ್ಳಲ್ಲ. ಆದರೆ ಮುಖವನ್ನು ನೋಡಿದ ಮೇಲೆ ತಾಯಿಯಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಆ ಗ್ರೀಕ್ ಹಾಳೆಯ ಮುಖವು ಇನ್ನೂ ಸ್ಪಷ್ಟವಾಗಿ ಕಂಡಿಲ್ಲ. ಕಾಣುವವರೆಗೆ ‘ಇರಬಹುದು’ ಎನ್ನುವುದೇ ನುಡಿಗೆ ಸಲ್ಲಿಸುವ ಗೌರವ. ಅಂದು ಆಡಿದವರನ್ನು ಇಂದು ಕೇಳಲಾಗದು. ನಂಜನಗೂಡಿನ ನಿಲ್ದಾಣದಲ್ಲಿ ನಿಂತ ಪ್ರಯಾಣಿಕನ ಭಾಗ್ಯ ದೊಡ್ಡದು: ಪಕ್ಕದಲ್ಲಿರುವವರನ್ನು ಕೇಳಿದರೆ ಸಾಕು, ‘ನಂಜನಗೂಡು’ ಎಂದು ತಿದ್ದಿ ಹೇಳುತ್ತಾರೆ.