ನೀಲಿ ಬಣ್ಣದ ಹಸು

ನಮ್ಮ ಶಾಲೆಗಳ ಚಿತ್ರಕಲೆಯ ತರಗತಿಯನ್ನೊಮ್ಮೆ ನೆನೆದುಕೊಳ್ಳಿ. ಕಪ್ಪುಹಲಗೆಯ ಮೇಲೆ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ದಡದಲ್ಲೊಂದು ಮನೆ, ಪಕ್ಕಕ್ಕೆ ತೆಂಗಿನಮರ. ತರಗತಿಯ ಮಕ್ಕಳೆಲ್ಲರೂ ಅದನ್ನೇ ಬಿಡಿಸಬೇಕು. ಬೆಟ್ಟವನ್ನೇ ಕಾಣದ ಬಯಲುಸೀಮೆಯ ಮಗುವೂ ಬೆಟ್ಟ ಬಿಡಿಸಿ ಅಂಕ ಪಡೆಯುತ್ತದೆ. ತನ್ನ ಮನೆಯ ಹಸುವಿಗೆ ನೀಲಿ ಬಣ್ಣ ಬಳಿದ ಮಗುವಿಗೆ ಮಾತ್ರ ಕೆಂಪು ಗೆರೆ!

1897ರಲ್ಲಿ ವಿಯೆನ್ನಾ ನಗರದಲ್ಲಿ ಫ್ರಾಂಝ್ ಸಿಝೆಕ್ ಎಂಬ ಕಲಾಶಿಕ್ಷಕರು ಮಕ್ಕಳಿಗಾಗಿಯೇ ಒಂದು ಕಲಾ ತರಗತಿಯನ್ನು ತೆರೆದರು. ಅಲ್ಲಿ ನಕಲಿಗೆ ಆದ್ಯತೆಯಿರಲಿಲ್ಲ. ಮಕ್ಕಳ ಚಿತ್ರ ದೊಡ್ಡವರ ಚಿತ್ರದ ಅರೆಬೆಂದ ರೂಪವಲ್ಲ, ಅದಕ್ಕೆ ತನ್ನದೇ ಆದ ಬೆಲೆಯಿದೆ ಎಂಬುದು ಅವರ ನಂಬಿಕೆಯಾಗಿತ್ತು. ಮುಂದೆ 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಕ್ಟರ್ ಲೋವೆನ್‌ಫೆಲ್ಡ್ ಮಕ್ಕಳ ಚಿತ್ರಗಳ ಬೆಳವಣಿಗೆಯ ಹಂತಗಳನ್ನು ವಿವರಿಸಿದರು. ಎರಡರ ಹರೆಯದ ಗೀಚು ನಾಲ್ಕರ ಸುಮಾರಿಗೆ, ತಲೆಯಿಂದಲೇ ಕಾಲು ಹೊರಟ ಮನುಷ್ಯನಾಗುತ್ತದೆ. ಆ ವಯಸ್ಸಿನಲ್ಲಿ ಮಗು ಬಣ್ಣವನ್ನು ಆರಿಸುವುದು ಹೋಲಿಕೆಗಾಗಿ ಅಲ್ಲ, ಮನಸ್ಸಿನ ಒಲವಿನಿಂದ. ಹಾಗಾದರೆ ನೀಲಿ ಹಸು ತಪ್ಪಲ್ಲ. ಬೆಳವಣಿಗೆಯ ಒಂದು ಮೆಟ್ಟಿಲು.

ಆ ಮೆಟ್ಟಿಲಲ್ಲೇ ಮಗುವನ್ನು ನಿಲ್ಲಿಸಿ ತಿದ್ದಿದರೆ, ಅದು ಕಲಿಯುವ ಪಾಠ ಒಂದೇ: “ನನಗೆ ಬರುವುದಿಲ್ಲ.” ಈ ಮಾತು ಚಿತ್ರದ ಪುಸ್ತಕದಲ್ಲೇ ಉಳಿಯುವುದಿಲ್ಲ. ಲೆಕ್ಕದ ತರಗತಿಯಲ್ಲಿ ಮೇಲೇಳದ ಕೈಯಾಗಿ, ಸಭೆಯಲ್ಲಿ ಹೊರಡದ ದನಿಯಾಗಿ ಅದು ಹಿಂಬಾಲಿಸುತ್ತದೆ.

ಶಿಕ್ಷಕರೇ, ಹೆತ್ತವರೇ, ಇದಕ್ಕೆ ಬೆಲೆಬಾಳುವ ಬಣ್ಣಗಳು ಬೇಕಿಲ್ಲ. ಇದ್ದಿಲು, ಸುಣ್ಣ, ಕೆಮ್ಮಣ್ಣು, ಹಳೆಯ ಪತ್ರಿಕೆಯ ಹಾಳೆ ಸಾಕು. ಮಗು ಚಿತ್ರವನ್ನು ತಂದು ತೋರಿಸಿದಾಗ “ಇದೇನು?” ಎಂದು ಪ್ರಶ್ನಿಸಬೇಡಿ, “ಇದರ ಕಥೆ ಹೇಳು” ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ. ಹಸು ಏಕೆ ನೀಲಿಯಾಯಿತೆಂದು ಅದೇ ಹೇಳೀತು.