ಗುಡಿಸದ ಹಿತ್ತಲು

ಶಿವರಾತ್ರಿ ಕಳೆದು ಯುಗಾದಿ ಇನ್ನೂ ಬಾರದ ದಿನಗಳು ಹಿತ್ತಲಲ್ಲಿ ಹಕ್ಕಿ ನೋಡುವವರಿಗೆ ಹೇಳಿ ಮಾಡಿಸಿದ ಕಾಲ. ಎಲೆ ಉದುರಿಸಿದ ಮರಗಳು ಚಿಗುರನ್ನು ಇನ್ನೂ ಪೂರ್ತಿ ಹೊದ್ದುಕೊಂಡಿರುವುದಿಲ್ಲ. ಕೊಂಬೆಯ ಮೇಲೆ ಏನು ಕೂತರೂ ಕಣ್ಣಿಗೆ ಬೀಳುತ್ತದೆ. ಉತ್ತರದಿಂದ ಚಳಿಗಾಲಕ್ಕೆಂದು ಬಂದ ಉಲಿಯಕ್ಕಿಗಳು ಗಂಟುಮೂಟೆ ಕಟ್ಟಿರುವುದಿಲ್ಲ, ನಮ್ಮೂರಿನ ಮಡಿವಾಳ ಹಕ್ಕಿ ಮಾತ್ರ ಆಗಲೇ ಬೆಳಗಿನ ಜಾವಕ್ಕೆ ಎತ್ತರದ ತುದಿಯೊಂದನ್ನು ಹಿಡಿದು ಕೂತು ಸಂಗೀತ ಶುರುಮಾಡಿರುತ್ತದೆ. ಇವುಗಳನ್ನೆಲ್ಲ ಹತ್ತಿರಕ್ಕೆ ಕರೆಯಬೇಕೆಂದು ಆಸೆಪಟ್ಟವರು ಮೊದಲು ಮಾಡುವ ಕೆಲಸ ತಾರಸಿಯ ಮೇಲೆ ಒಂದು ಹಿಡಿ ಅಕ್ಕಿ ಚೆಲ್ಲುವುದು. ಇನ್ನು ಕೆಲವರು ಕಾಳು ತುಂಬಿಡುವ ಪ್ಲಾಸ್ಟಿಕ್ ಡಬ್ಬಿ ತರಿಸಿ ತೂಗುಹಾಕುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಹೊತ್ತಿನಲ್ಲಿ ನಮ್ಮ ಹಿತ್ತಲಿನ ಹಕ್ಕಿಗೆ ಬೇಕಾದದ್ದು ಕಾಳಲ್ಲ. ನೀರು, ಹುಳು ಮತ್ತು ಒಂದಿಷ್ಟು ಕಸ.

ಕಾಳಿನ ಡಬ್ಬಿ ಹಿಮ ಬೀಳುವ ಸೀಮೆಯ ಸಲಕರಣೆ. ನೆಲ ಹೆಪ್ಪುಗಟ್ಟಿ, ಹುಳುಗಳೆಲ್ಲ ಅಡಗಿ, ಹಗಲು ಏಳೆಂಟು ಗಂಟೆಗೆ ಕುಗ್ಗಿದ ಬ್ರಿಟನ್ನಿನ ಚಳಿಗಾಲದಲ್ಲಿ ಒಂದು ಹಿಡಿ ಕಾಳಿಗೆ ಜೀವದ ಬೆಲೆ. ಅಲ್ಲಿಯೂ ಅದು ಪೂರ್ತಿ ನಿರಪಾಯವೇನಲ್ಲ. 2005-06ರ ಹೊತ್ತಿಗೆ ಟ್ರೈಕೊಮೊನಾಸ್ ಎಂಬ ಸೋಂಕು ಹಬ್ಬಿ ಅಲ್ಲಿನ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆ ಕುಸಿಯಿತು. ಒಂದೇ ಡಬ್ಬಿಗೆ ಮುತ್ತುವ ಗುಂಪಿನಲ್ಲಿ ಇಂಥ ರೋಗ ಸಲೀಸಾಗಿ ದಾಟುತ್ತದೆ. ನಮ್ಮ ಫಾಲ್ಗುಣದಲ್ಲಿ ಹಸಿವಿನ ಪ್ರಶ್ನೆ ಅಷ್ಟಾಗಿ ಇಲ್ಲ. ಮುತ್ತುಗ, ಬೂರುಗ, ಹಾಲುವಾಣಗಳು ಹೂಬಿಟ್ಟು ಮಕರಂದದ ಅಂಗಡಿ ತೆರೆದಿರುತ್ತವೆ. ಇರುವುದು ಮರಿಗಳ ಪ್ರಶ್ನೆ. ಕಾಳಿಗೇ ಹೆಸರಾದ ಗುಬ್ಬಚ್ಚಿಯನ್ನೇ ನೋಡಿ: ತಾನು ಅಕ್ಕಿ ಹೆಕ್ಕಿದರೂ ಮರಿಯ ಬಾಯಿಗೆ ಹುಳುಗಳನ್ನೇ ಹುಡುಕಿ ತಂದು ಇಡುತ್ತದೆ. ಹೂವಿನ ರಸ ಹೀರುವ ಸೂರಕ್ಕಿಯೂ ಮರಿಗೆ ತರುವುದು ಜೇಡ, ಹುಳುಗಳನ್ನು. ಈ ನಿಯಮಕ್ಕೆ ಹೊರತಾದ ಜಾತಿಯೆಂದರೆ ಪಾರಿವಾಳ. ಗಂಡು ಹೆಣ್ಣು ಎರಡೂ ಗಂಟಲ ಚೀಲದಲ್ಲಿ ಗಿಣ್ಣಿನಂಥ ಹಾಲು ಒಸರಿಸಿ ಮರಿ ಸಾಕುತ್ತವೆ. ಹುಳುವಿನ ಹಂಗಿಲ್ಲ, ಕಾಳೊಂದಿದ್ದರೆ ಸಾಕು. ತಾರಸಿಗೆ ಚೆಲ್ಲಿದ ಅಕ್ಕಿ ಯಾರ ಸಂಸಾರ ಬೆಳೆಸುತ್ತದೆ ಎಂಬುದಕ್ಕೆ ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ಕಿಟಕಿಯ ಸಜ್ಜೆ ಸಾಕ್ಷಿ ಹೇಳುತ್ತದೆ. ಹಾಗಾದರೆ ಪುಣ್ಯವೆಲ್ಲ ಸುಳ್ಳೇ ಎಂದು ಕೇಳಬಹುದು. ಪುಣ್ಯದ ಲೆಕ್ಕ ನನ್ನದಲ್ಲ. ಹಕ್ಕಿಯ ಲೆಕ್ಕವಾದರೆ ಇದು.

ನೀರಿನ ಮಾತು ಬೇರೆ. ಮಳೆ ನಿಂತು ತಿಂಗಳುಗಳಾಗಿ, ಹಳ್ಳ ಕುಂಟೆಗಳು ಬತ್ತುವ ಕಾಲದಲ್ಲಿ ಒಂದು ಅಗಲವಾದ ಮಣ್ಣಿನ ತಟ್ಟೆ ಮಾಡುವ ಕೆಲಸವನ್ನು ಹತ್ತು ಕಿಲೋ ನವಣೆ ಮಾಡಲಾರದು. ಹುಳು ತಿನ್ನುವುದು, ಹಣ್ಣು ತಿನ್ನುವುದು, ಕಾಳು ತಿನ್ನುವುದು, ಎಲ್ಲಕ್ಕೂ ಅದು ಬೇಕು. ತಟ್ಟೆ ಎರಡು ಅಂಗುಲಕ್ಕಿಂತ ಆಳವಿರಬಾರದು. ನಡುವೆ ಒಂದು ಒರಟು ಕಲ್ಲಿಟ್ಟರೆ ಸಣ್ಣ ಹಕ್ಕಿಗೆ ಕಾಲೂರಲು ಆಧಾರ. ಬೆಕ್ಕು ಹೊಂಚಲು ಅನುಕೂಲವಾದ ಪೊದೆಯಿಂದ ಒಂದೆರಡು ಮಾರು ದೂರವಿರಬೇಕು. ಪಿಕಳಾರ ತಟ್ಟೆಯ ಅಂಚಿನಲ್ಲಿ ಕೂತು ಸುತ್ತಲೂ ಹತ್ತು ಸಲ ನೋಡಿ, ಆಮೇಲೆ ನಾಚಿಕೆ ಬಿಟ್ಟು ಮೀಯುತ್ತದೆ. ಸೂರಕ್ಕಿಗೆ ಎಲೆಯ ಮೇಲಿನ ನೀರಿದ್ದರೆ ಆಯಿತು. ಬಾಳೆಲೆಗೆ ನೀರು ಚಿಮುಕಿಸಿದರೆ ಅದರ ಮೇಲೆ ಹೊರಳಿ, ಜಾರಿ, ಮೈ ಒದ್ದೆ ಮಾಡಿಕೊಳ್ಳುತ್ತದೆ. ಸೊಳ್ಳೆಯ ಗತಿಯೇನು, ಡೆಂಗಿ ಬಂದರೆ ಯಾರು ಹೊಣೆ ಎಂಬ ತಕರಾರು ನ್ಯಾಯವಾದದ್ದೇ. ಉತ್ತರ ತೆಂಗಿನ ನಾರಿನಲ್ಲಿದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ ಬೇಕು. ಡೆಂಗಿ ಸೊಳ್ಳೆಯ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತದೆ. ದಿನಾ ನೀರು ಚೆಲ್ಲಿ, ಎರಡು ದಿನಕ್ಕೊಮ್ಮೆ ತಟ್ಟೆ ಉಜ್ಜುವವರ ಮನೆಯಲ್ಲಿ ಅದು ಹುಟ್ಟಲಾರದು. ಅಷ್ಟು ಪುರುಸೊತ್ತಿಲ್ಲದವರು ತಟ್ಟೆ ಇಡದಿರುವುದೇ ವಾಸಿ.

ಇನ್ನು ಕಸ. ತರಗೆಲೆಯನ್ನು ಗುಡ್ಡೆ ಹಾಕಿ ಬೆಂಕಿ ಇಡುವ ನಮ್ಮ ಚಾಳಿಗೆ ಮೊದಲು ತುತ್ತಾಗುವುದು ಹರಟೆಮಲ್ಲಗಳ ಊಟದ ಎಲೆ. ಆರೇಳು ಒಟ್ಟಿಗೆ ಬಂದು, ಬೈದಾಡುತ್ತಲೇ ಒಂದೊಂದು ಎಲೆಯನ್ನೂ ಮಗುಚಿ ಹುಳು ಹೆಕ್ಕುವ ಆ ಬಳಗ ಗುಡಿಸಿ ಬೋಳಾದ ಅಂಗಳದಲ್ಲಿ ಏನು ಮಾಡಬೇಕು? ತರಗೆಲೆಯಲ್ಲಿ ಹಾವು ಸೇರುತ್ತದೆ ಎಂಬ ಹೆದರಿಕೆ ಹುಸಿಯಲ್ಲ. ಓಡಾಡುವ ದಾರಿ, ಬಾವಿಕಟ್ಟೆಗಳನ್ನು ಗುಡಿಸಿ, ಬೇಲಿಯ ಮೂಲೆಯನ್ನು ಬಿಟ್ಟುಬಿಟ್ಟರೆ ಇಬ್ಬರಿಗೂ ಸೈ. ನುಗ್ಗೆಯ ಒಣಗಿದ ಕೊಂಬೆಯೂ ಹಾಗೆಯೇ. ಕಡಿಯಲು ಕೈ ತುರಿಸುತ್ತದೆ. ಆದರೆ ಬಿಸಿಲೇರಿದಂತೆ ಟೊಂಕ್ ಟೊಂಕ್ ಎಂದು ತಾಮ್ರ ಬಡಿಯುವ ಪುಟ್ಟ ಕುಟ್ರುಹಕ್ಕಿ ಪೊಟರೆ ಕೊರೆಯುವುದು ಇಂಥ ಮೆದು ಮರದಲ್ಲೇ, ಅದೂ ಹೆಚ್ಚಾಗಿ ಕೊಂಬೆಯ ತಳಬದಿಯಲ್ಲಿ. ಮಾವಿನ ಬದನಿಕೆಯ ವಿಷಯದಲ್ಲಿ ನನಗೆ ಎರಡು ಮನಸ್ಸು. ಬದನಿಕೆ ಮರದ ಸತ್ವ ಹೀರುವುದು ನಿಜ, ಅದರ ಹಣ್ಣು ನುಂಗಿ ಬೀಜ ಹರಡುವ ಹೆಬ್ಬೆರಳ ಗಾತ್ರದ ಹಕ್ಕಿ ಬರುವುದೂ ನಿಜ. ಫಸಲನ್ನು ನೆಚ್ಚಿದವರು ಕಿತ್ತರೆ ತಪ್ಪೆನ್ನಲಾರೆ.

ಹಿತ್ತಲೇ ಇಲ್ಲದವರು ಈ ಸುಖದಿಂದ ಹೊರಗೆ ಎಂದು ಯಾರೂ ತಿಳಿಯಬೇಕಿಲ್ಲ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ 1998ರಲ್ಲಿ ಅಮೆರಿಕದಲ್ಲಿ ಶುರುವಾಗಿ 2013ರಿಂದ ನಮ್ಮ ದೇಶದಲ್ಲೂ ನಡೆಯುತ್ತಿದೆ. ಅದು ಕೇಳುವುದು ಹದಿನೈದು ನಿಮಿಷ ಒಂದೆಡೆ ನಿಂತು ಕಂಡದ್ದನ್ನು ಎಣಿಸಿ ಎಂದಷ್ಟೇ, ಬಾಲ್ಕನಿಯೂ ನಡೆದೀತು. ಬಾಲ್ಕನಿಗೆ ತಾನಾಗಿಯೇ ಬರುವವಳು ಸೂರಕ್ಕಿ. ಗೂಡು ಕಟ್ಟುವವಳು ಹೆಣ್ಣೊಂದೇ, ಮತ್ತು ಅವಳ ಸಿಮೆಂಟು ಜೇಡರ ಬಲೆ. ಅದರಿಂದ ನಾರು, ತೊಗಟೆಯ ಚೂರು, ಕಂಬಳಿಹುಳುವಿನ ಹಿಕ್ಕೆಗಳನ್ನು ಅಂಟಿಸಿ ಕಟ್ಟಿದ ಗೂಡು ನೋಡಲು ಗಾಳಿಗೆ ಸಿಕ್ಕಿಕೊಂಡ ಧೂಳಿನ ಗಂಟಿನಂತೆಯೇ ಇರುತ್ತದೆ. ಸರಿಯಾಗಿ ಆ ಹೊತ್ತಿಗೇ ಯುಗಾದಿ ಹತ್ತಿರ ಬಂದು, ಮನೆಮನೆಯಲ್ಲೂ ಉದ್ದ ಕೋಲಿಗೆ ಪೊರಕೆ ಕಟ್ಟುತ್ತಾರೆ. ಹಬ್ಬಕ್ಕೆ ಬಲೆ ತೆಗೆಯಬೇಡಿ ಎಂದರೆ ಮನೆಯ ಹಿರಿಯರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ, ಒಳಗಿನದನ್ನು ತೆಗೆಯಲಿ. ಹೊರಗೆ ಬಟ್ಟೆ ಒಣಹಾಕುವ ತಂತಿಗೆ ಜೋತುಬಿದ್ದ ಗಂಟಿಗೆ ಪೊರಕೆ ತಾಗಿಸುವ ಮುಂಚೆ ಮಾತ್ರ ಒಂದು ಗಳಿಗೆ ನಿಲ್ಲಬೇಕು. ಅದರ ಪಕ್ಕದಲ್ಲೊಂದು ತೂತಿದ್ದು, ಬಾಗಿದ ಸಣ್ಣ ಕೊಕ್ಕೊಂದು ಹೊರಗೆ ಚಾಚಿಕೊಂಡಿರಬಹುದು.