ಹಗ್ಗ ಯಾರ ಕೈಯಲ್ಲಿ?

ನಿಮ್ಮ ಮನೆಯಲ್ಲಿ ಸ್ಕೌಟ್ ಸ್ಕಾರ್ಫ್ ಧರಿಸುವ ಮಗನಿದ್ದರೆ, ಅವನ ತಂಡದಲ್ಲಿ ಎಷ್ಟು ಮಂದಿ ಇದ್ದಾರೆಂದು ಒಮ್ಮೆ ಕೇಳಿ ನೋಡಿ. 6ರಿಂದ 8 ಎಂಬ ಉತ್ತರ ಬರಬೇಕು.

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಬಾಲಕರ ಶಿಬಿರ ನಡೆಸಿದ ಬೇಡನ್ ಪೊವೆಲ್‌ರವರು ಅವರನ್ನು 4 ತಂಡಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಹಿರಿಯ ಬಾಲಕನೊಬ್ಬನನ್ನೇ ನಾಯಕನನ್ನಾಗಿ ನೇಮಿಸಿದರು. ಮುಂದೆ ಸ್ಕೌಟ್ ಮಾಸ್ಟರುಗಳಿಗಾಗಿ ಬರೆದ ಕೈಪಿಡಿಯಲ್ಲಿ, ಇಂಥ ತಂಡಗಳು ಸೇರಿದ ಇಡೀ ದಳದಲ್ಲಿ 32ಕ್ಕಿಂತ ಹೆಚ್ಚು ಮಂದಿ ಇರದಿರುವುದು ಲೇಸೆಂದರು. ಒಬ್ಬೊಬ್ಬನ ಗುಣವನ್ನೂ ಅರಿತು ಬೆಳೆಸಲು 16 ಮಂದಿಗಿಂತ ಹೆಚ್ಚು ತಮ್ಮಿಂದಾಗದು, ಇತರರು ತಮಗಿಂತ ಇಮ್ಮಡಿ ಸಮರ್ಥರಿರಬಹುದು ಎಂಬುದು ಅವರ ಲೆಕ್ಕ!

ನಾನೋ ಎಂಟೇ ಮಂದಿಯಲ್ಲಿ ಎಡವಿದವನು. ಸ್ವಯಂಸೇವಕನಾಗಿ ಹೋದ ಮೊದಲ ಶಿಬಿರದಲ್ಲಿ ಹದಿಮೂರರ ನಾಯಕನೊಬ್ಬ ಗುಡಾರದ ಹಗ್ಗ ಬಿಗಿಯಲು ಹೆಣಗುತ್ತಿದ್ದ. ಮಳೆಯ ಮೋಡ ಕಂಡು, “ಕೊಡಪ್ಪ, ನಾನೇ ಕಟ್ಟುತ್ತೇನೆ” ಎಂದು ಕಿತ್ತುಕೊಂಡೆ. ಗುಡಾರವೇನೋ ನೆಟ್ಟಗೆ ನಿಂತಿತು. ಆದರೆ ಅಂದಿನಿಂದ ಅವನ ತಂಡದವರು ಸೌದೆಗೂ ನೀರಿಗೂ ಅವನನ್ನು ಬಿಟ್ಟು ನನ್ನನ್ನೇ ಕೇಳತೊಡಗಿದರು. ಅವನು ಮೌನಿಯಾದ.

ಮೂರನೆಯ ದಿನ ಅವನನ್ನು ಕರೆದು ಕ್ಷಮೆ ಕೇಳಿದೆ. ಅಡುಗೆಯ ಹೊಣೆಯೆಲ್ಲ ನಿನ್ನದೇ, ನಾನು ತಲೆಹಾಕುವುದಿಲ್ಲವೆಂದೆ. ತಲೆಹಾಕದೆ ಕೂರುವುದು ಎಷ್ಟು ಕಷ್ಟವೆಂದು ತಂದೆತಾಯಿಯರಾದ ನಿಮಗೆ ಹೇಳಬೇಕೆ? ಬೆಂಕಿ ಕಾಣುವಷ್ಟು ದೂರದಲ್ಲಿ ಕುಳಿತೆ. ಅನ್ನ ತಳಹಿಡಿದ ವಾಸನೆ ಬಂತು. ನಾನು ಏಳಲಿಲ್ಲ. “ಲೋ, ಸೌದೆ ಹೊರಗೆ ಎಳೆಯಿರೋ!” ಎಂಬ ಅವನ ದನಿ ಕೇಳಿಸಿತು. ಇಬ್ಬರು ಹುಡುಗರು ಒಲೆಯತ್ತ ಓಡಿದರು.